ಕಾಯಂ ಪೆಂಡಾಲಿನ ಎದುರಾಳಿ

ಅದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮೂರ ಗೌಡರು. ತಮ್ಮ ಮನೆಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಒಳಗಿನಿಂದ ಚಹಾ ತರಿಸಿ, ನಾನು ಎರಡು ಗುಟುಕು ಕುಡಿದ ಮೇಲೆ ಹೇಳಿದರು.

"ನೋಡ ತಂಗಿ, ನೀ ಶಾಣ್ಯಾಕಿ ಅದಿ, ಕಲತಾಕಿ ಅದಿ. ನಿಮ್ಮಪ್ಪಗ ಶಾಲು ಹೊಚ್ಚಲಿ, ಹಾರ ಹಾಕಲಿ, ಬ್ಯಾಡ ಅಂದಾವ್ರು ಯಾರು? ಆದ್ರ ಅವನ ಹೆಸರಿನ ಮುಂದ ಊರ ಹೆಸರು ಅಂದ್ರ, ಅದು ಆಗೂದಲ್ಲ. ನಾ ಇರೂತನಕ ಅಂತೂ ಆಗೂದಲ್ಲ."

ಚಹಾ ಅಲ್ಲೇ ಬಿಟ್ಟು ಎದ್ದು ಬರಬೇಕಿತ್ತು. ಬರಲಿಲ್ಲ. ಹಾವೇರಿಯ ಕಾಲೇಜಿನಲ್ಲಿ ಇತಿಹಾಸ ಹೇಳುವವಳು, ಹುಡುಗರ ಮುಂದೆ ರಾಜರನ್ನೇ ಬಯ್ಯುವವಳು, ಅವತ್ತು ಕಪ್ಪಿನ ತಳದವರೆಗೂ ಕುಡಿದು, "ಬರ್ತೇನ್ರಿ ಗೌಡ್ರ" ಎಂದು ತಲೆ ತಗ್ಗಿಸಿಕೊಂಡು ಬಂದೆ. ಮನೆಯಲ್ಲಿ ಅಪ್ಪ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿ ಒಳಗೆ ಹೋದರು.

ಇದು ಎಲ್ಲಿಂದ ಶುರುವಾಯಿತೆಂದು ಹೇಳಬೇಕಾದರೆ ಒಂದು ಕಟ್ಟಡದಿಂದ ಶುರುಮಾಡಬೇಕು.

ರಾಣೆಬೆನ್ನೂರಿನಲ್ಲಿ ಅದಿತ್ತು. ಈಗಿಲ್ಲ. ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರು. ಜನ ಕರೆಯುತ್ತಿದ್ದದ್ದು ಕಾಯಂ ಪೆಂಡಾಲ. ಮದುವೆಯಿರಲಿ ಭಾಷಣವಿರಲಿ ನಾಟಕವಿರಲಿ, ಎಲ್ಲರೂ ಬಿದಿರು ನೆಟ್ಟು ನಾಲ್ಕು ದಿನಕ್ಕೆ ಪೆಂಡಾಲು ಹಾಕಿ ಬಿಚ್ಚುತ್ತಿದ್ದ ಕಾಲದಲ್ಲಿ, ಹತ್ತಿ ಮತ್ತು ಮೆಣಸಿನಕಾಯಿ ವ್ಯಾಪಾರದ ಕೆಲವರು ಕೂಡಿ ಒಂದು ಕಮಿಟಿ ಮಾಡಿದರು. ಸುತ್ತಲೂ ಕಲ್ಲಿನ ಮೆಟ್ಟಿಲು ಕಟ್ಟಿಸಿ, ಕಬ್ಬಿಣದ ತೊಲೆ ಏರಿಸಿ, ಮೇಲೆ ತಗಡು ಹೊದಿಸಿದರು. ನಡುವೆ ದುಂಡಗಿನ ಗುಂಡಿಯಲ್ಲಿ ಕುಸ್ತಿಯ ಕೆಂಪು ಮಣ್ಣು. ಸುಗ್ಗಿ ಮುಗಿದ ಮೇಲೆ ಕುಸ್ತಿ, ಬೇಸಿಗೆಯಲ್ಲಿ ಕಂಪನಿ ನಾಟಕ, ನಡುನಡುವೆ ದೀಪ ಹಚ್ಚಿ ಕಬಡ್ಡಿ. ಹುಬ್ಬಳ್ಳಿ ಕಡೆಯ ಆರ್ಕೆಸ್ಟ್ರಾ ಬಂದರೂ ಅಲ್ಲೇ, ಚುನಾವಣೆಯ ಭಾಷಣವೂ ಅಲ್ಲೇ, ಕೂಸುಗಳಿಗೆ ಪೋಲಿಯೋ ಹನಿ ಹಾಕಿದ್ದೂ ಅಲ್ಲೇ. ಸರ್ಕಸ್ಸಿನವರು ಒಮ್ಮೆ ಆನೆ ತಂದಿದ್ದರಂತೆ. ಬಾಗಿಲು ಸಣ್ಣದಾಗಿ ಅದು ಹೊರಗೇ ನಿಂತು ಕಬ್ಬು ತಿಂದು ಹೋಯಿತಂತೆ. ಈ ಆನೆಯ ಕಥೆಯನ್ನು ನನಗೆ ಹೇಳದವರೇ ಇಲ್ಲ. ಪ್ರತಿಯೊಬ್ಬರೂ ತಾವೇ ಕಬ್ಬು ಕೊಟ್ಟವರು.

ಕುಸ್ತಿಯ ದಿನ ಹೆಂಗಸರು ಒಳಗೆ ಹೋಗುವಂತಿರಲಿಲ್ಲ. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ ಹಾಕಿ ಹದ ಮಾಡಿ, ಹನುಮಪ್ಪನ ಹೆಸರಿನಲ್ಲಿ ಕಾಯಿ ಒಡೆದಿರುತ್ತಾರೆ; ಅದಕ್ಕೆ ಹೆಣ್ಣಿನ ಕಾಲು ತಾಕಬಾರದು. ಆದರೆ ನಾಟಕ ಕಂಪನಿಯಲ್ಲಿ ನಟಿಯರಿಲ್ಲದೆ ಜನ ಬರುತ್ತಾರೆಯೇ? ಅದಕ್ಕೇ ಬೇಸಿಗೆ ಬಂತೆಂದರೆ ಗುಂಡಿಯ ಮೇಲೆ ಅಡ್ಡಡ್ಡ ಹಲಗೆ ಹಾಸಿ ಮುಚ್ಚುತ್ತಿದ್ದರು. ಹಲಗೆಯ ಮೇಲೆ ರಾಣಿ ಅಳುತ್ತಿದ್ದಳು, ಕೆಳಗೆ ದೇವರ ಮಣ್ಣು ತನ್ನ ಪಾಡಿಗೆ ಇರುತ್ತಿತ್ತು. ನಾನು ಮೊದಲ ಸಲ ಒಳಗೆ ಕಾಲಿಟ್ಟದ್ದು ಅಂಥದೊಂದು ನಾಟಕಕ್ಕೆ, ಅವ್ವನ ಜೊತೆ. ಹಲಗೆಯ ಸಂದಿಯಲ್ಲಿ ಕೆಂಪು ಮಣ್ಣು ಕಂಡಿತು. "ಯವ್ವಾ, ಅಪ್ಪ ಬೀಳೂದು ಇಲ್ಲೇನು?" ಎಂದು ದೊಡ್ಡ ದನಿಯಲ್ಲಿ ಕೇಳಿದೆ. ಅವ್ವ ತೊಡೆಯನ್ನು ಚಿವುಟಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾಚಿಕೆ ಎಂದರೆ ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಅಲ್ಲಿ, ಒಬ್ಬ ರಾಣಿ ಹಾಡು ಹೇಳುತ್ತಿರುವಾಗ.

ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಅದಕ್ಕಿಂತ ಮೊದಲು, ಅದರ ಜೊತೆಗೆ, ಪೈಲ್ವಾನ.

ನಮ್ಮ ಊರು ಮೋಟೆಬೆನ್ನೂರಿನಿಂದ ಒಳಗೆ, ಸಣ್ಣದು. ಹೆಸರು ಇಲ್ಲಿ ಬರೆಯುವುದಿಲ್ಲ. ಅಂಥ ಊರಿಗೆ ಒಬ್ಬ ಪೈಲ್ವಾನನಿದ್ದರೆ ಅವನು ಮನೆಯವರ ಸೊತ್ತಲ್ಲ, ಊರಿನ ಸೊತ್ತು. ಮದುವೆಗೆ ಮುಂಚೆ ಅಪ್ಪನಿಗೆ ಮನೆಮನೆಯಿಂದ ಸರದಿಯ ಮೇಲೆ ಹಾಲು ಬರುತ್ತಿತ್ತು. ಗೌಡರ ಮನೆಯ ಹಾಲು, ಕಂಬಾರರ ಮನೆಯ ಹಾಲು, ತಮಗೇ ಸಾಲದವರ ಮನೆಯ ಹಾಲು. ಅಪ್ಪ ಕುಡಿದದ್ದು ಊರನ್ನೇ. ಹಾಗಾಗಿ ಕಾಯಂ ಪೆಂಡಾಲಿನಲ್ಲಿ ಅವರ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಯಾರ ಹೆಸರನ್ನೂ ಹಿಡಿದು ಕೂಗುತ್ತಿರಲಿಲ್ಲ. ಪೈಲ್ವಾನ ಮಣ್ಣಿಗಿಳಿದನೆಂದರೆ ಅವನ ಹೆಸರು ಹೊರಗೇ ಉಳಿಯಿತು. ಮೈಕಿನವನ ಬಾಯಲ್ಲಿ ಆಡುವುದು ಊರು, ಎತ್ತುವುದು ಊರು, ಬೀಳುವುದೂ ಊರು. "ಗುತ್ತಲ ಮ್ಯಾಲೆ! ಗುತ್ತಲ ಮ್ಯಾಲೆ!" ಎಂದು ಕೂಗಿದರೆ ಗುತ್ತಲದಿಂದ ಬಂದವರು ರುಮಾಲು ಹಾರಿಸುತ್ತಿದ್ದರು. ಬೆನ್ನು ಮಣ್ಣಿಗೆ ತಾಗಿದರೆ, ಊರ ಹೆಸರಿನ ಮುಂದೆ "ಚಿತ್!" ಎಂಬ ಒಂದು ಮಾತು. ತಗಡಿನ ಮೇಲೆ ಕಟ್ಟಿದ್ದ ಲೌಡ್‌ಸ್ಪೀಕರಿನಲ್ಲಿ ಅದು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು.

ಮೊದಮೊದಲು ಅಪ್ಪ ಗೆದ್ದಿದ್ದರಂತೆ, ಸಣ್ಣ ಜೋಡಿಗಳಲ್ಲಿ. ಆಮೇಲೆ ಕಮಿಟಿಯವರು ಅವರಿಗೆ ದೊಡ್ಡವರ ಜೋಡಿ ಹಚ್ಚತೊಡಗಿದರು. ಬೆಳಗಾವಿ ಕಡೆಯವರು, ಕೊಲ್ಹಾಪುರ ಕಡೆಯವರು, ಪೋಸ್ಟರಿನಲ್ಲಿ ಫೋಟೋ ಹಾಕಿಸಿಕೊಂಡು ಬರುವವರು. ಇಲ್ಲಿನ ಹುಡುಗರು ಅವರ ಮುಂದೆ ನಿಂತ ಗಳಿಗೆಯಲ್ಲೇ ಬೀಳುತ್ತಿದ್ದರು. ಟಿಕೆಟ್ ತೆಗೆಸಿದ ಜನ ಗದ್ದಲ ಮಾಡುತ್ತಿದ್ದರು. ಅಪ್ಪ ಬೇಗ ಬೀಳುತ್ತಿರಲಿಲ್ಲ. ಜನ ಕಲ್ಲಿನ ಮೆಟ್ಟಿಲ ಮೇಲೆ ಎದ್ದು ನಿಲ್ಲುವವರೆಗೂ, ಹಲಗಿ ಬಾರಿಸುವವನ ಕೈ ಸೋಲುವವರೆಗೂ ತಡೆಯುತ್ತಿದ್ದರು. ಆಮೇಲೆ ಬೀಳುತ್ತಿದ್ದರು. ಪ್ರತಿ ಸಲ.

ಪ್ರತಿ ಸಲ ನಮ್ಮ ಊರು ಚಿತ್. ಟ್ರ್ಯಾಕ್ಟರಿನಲ್ಲಿ ಹಾಡುತ್ತಾ ಹೋದ ಜನ ಸುಮ್ಮನೆ ವಾಪಸ್ಸು ಬರುತ್ತಿದ್ದರು. ಬ್ಯಾಡಗಿ ಸಂತೆಯಲ್ಲಿ ನಮ್ಮೂರವರನ್ನು ಕಂಡರೆ ಬೇರೆ ಊರವರು, "ಎಲ್ಲಿ ನಿಮ್ಮೂರು? ಇನ್ನೂ ಮಲಗೇತೇನು?" ಎಂದು ಕೇಳುವರು. ಆಗ ಒಂದು ಮಾತು ಹುಟ್ಟಿತು: ಇಷ್ಟು ಹೊತ್ತು ತಡೆಯುವವನಿಗೆ ಒಂದು ಸಲವೂ ಗೆಲ್ಲಲು ಆಗುವುದಿಲ್ಲವೆಂದರೆ ಏನೋ ಇದೆ, ಕಮಿಟಿಯವರು ಹೇಳಿದಾಗ ಬೀಳುತ್ತಾನೆ, ನಮ್ಮ ಹಾಲು ಕುಡಿದು ನಮ್ಮ ಊರನ್ನು ಮಾರುತ್ತಾನೆ. ಹನುಮಪ್ಪನ ಗುಡಿಯ ಮುಂದೆ ಹಿರಿಯರು ಕೂಡಿದರು. ಈಗಿನ ಗೌಡರು ಆಗ ಹರೆಯದವರು, ಆದರೆ ಮಾತಾಡಿದವರು ಅವರೇ. ಇನ್ನು ಮೇಲೆ ಇವನು ನಮ್ಮ ಊರ ಹೆಸರು ಹಚ್ಚಿಕೊಂಡು ಆಡಬಾರದು ಎಂದು ತೀರ್ಮಾನವಾಯಿತು. ಕಮಿಟಿಗೂ ಹೇಳಿಕಳಿಸಿದರು. ಮರುದಿನದಿಂದ ಹಾಲು ನಿಂತಿತು.

ಬೇರೆ ಯಾರಾದರೂ ಆಗಿದ್ದರೆ ಕುಸ್ತಿ ಬಿಡುತ್ತಿದ್ದರು. ಅಪ್ಪ ಬಿಡಲಿಲ್ಲ. ಮುಂದಿನ ಸುಗ್ಗಿಗೂ ಹೋದರು. ಮೈಕಿನವನಿಗೆ ಏನೆಂದು ಕೂಗಬೇಕೋ ತಿಳಿಯಲಿಲ್ಲ. ಊರಿಲ್ಲದವನನ್ನು ಏನೆಂದು ಕೂಗುತ್ತಾರೆ? ಕೊನೆಗೆ, "ಕೊಲ್ಹಾಪುರ ಮ್ಯಾಲೆ! ಎದುರಾಳಿ ಕೆಳಗ!" ಎಂದ. ಅದೇ ನಿಂತಿತು. ಅಪ್ಪ ಕುಸ್ತಿ ಬಿಟ್ಟದ್ದು ಮೊಣಕಾಲು ಹೋದ ಮೇಲೆ. ಅಷ್ಟು ವರ್ಷ ಅವರು ಎದುರಾಳಿ. ನಾನು ಶಾಲೆಯಲ್ಲಿ ಎದುರಾಳಿಯ ಮಗಳು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಅದನ್ನು ಯಾರೂ ಕರೆದು ಕೊಡಲಿಲ್ಲ. ಮೋಟೆಬೆನ್ನೂರಿನವರೆಗೆ ನಡೆದು, ಅಲ್ಲಿಂದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹಾವೇರಿಗೆ ಹೋಗಿ ಬಿ.ಎ. ಮಾಡಿದೆ. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಎ. ಮಾಡಿದೆ. ಅಪ್ಪ ನನ್ನನ್ನು ನೋಡಲು ಬಂದರೆ ಅಂಗಿಯ ತುಂಬ ಮೆಣಸಿನಕಾಯಿಯ ಘಾಟು. "ನಿಮ್ಮ ಅಪ್ಪ ಬಂದಾರ ನೋಡ, ನನಗ ಸೀನು ಬಂತು" ಎಂದು ಕೋಣೆಯ ಗೆಳತಿ ನಗುತ್ತಿದ್ದಳು. ಹಮಾಲಿ ಎಂದು ಹೇಳಲು ನನಗೆ ಎಂದೂ ನಾಚಿಕೆಯಾಗಲಿಲ್ಲ. ದುಡಿದು ತಿನ್ನುವುದರಲ್ಲಿ ನಾಚಿಕೆ ಯಾಕೆ? ಪೈಲ್ವಾನರೆಂದು ಮಾತ್ರ ಎಲ್ಲಿಯೂ ಹೇಳಲಿಲ್ಲ. ಕೇಳಿದವರು, "ಎಷ್ಟ ಗೆದ್ದಾರ?" ಎಂದು ಕೇಳಿಯೇ ಕೇಳುತ್ತಾರೆ.

ಟಿ.ವಿ. ಬಂದ ಮೇಲೆ ನಾಟಕದ ಜನ ಕಡಿಮೆಯಾದರು. ಕಾಯಂ ಪೆಂಡಾಲಿನ ತಗಡು ಸೋರತೊಡಗಿತು. ಕುಸ್ತಿಗಳು ಊರೂರಿನ ಬಯಲಿಗೆ ಹೋದವು. ಕೊನೆಗೆ ಅಲ್ಲಿ ಗೋವಿನಜೋಳದ ಚೀಲ ಇಡುತ್ತಿದ್ದರು. ಗೋಡೆ ಬಿರಿದು, ಬೀಳುವ ಮೊದಲು ಬೀಳಿಸುವುದೇ ಸುರಕ್ಷಿತವೆಂದು ಕಮಿಟಿಯವರು ನಿರ್ಧರಿಸಿದರು. ಅಲ್ಲಿ ಅಂಗಡಿ ಮಳಿಗೆ ಕಟ್ಟುವುದು, ಅದರ ಉದ್ಘಾಟನೆಯ ದಿನ ಹಳೆಯ ಪೈಲ್ವಾನರಿಗೆ ಸನ್ಮಾನ ಮಾಡುವುದು, ಕಟ್ಟಡದ ಇತಿಹಾಸ ಬರೆಸಿ ಒಂದು ಸ್ಮರಣ ಸಂಚಿಕೆ ತರುವುದು. ಕಮಿಟಿಯ ಈಗಿನ ಅಧ್ಯಕ್ಷರು ಕಟ್ಟಿಸಿದವರೊಬ್ಬರ ಮೊಮ್ಮಗ, ವಯಸ್ಸಿನಲ್ಲಿ ನನ್ನಷ್ಟೇ. ಯಾರೋ ನನ್ನ ಹೆಸರು ಹೇಳಿದ್ದರು. "ಮೇಡಂ, ನೀವು ಹಿಸ್ಟರಿ ಎಂ.ಎ. ಅಂತ. ನಮ್ಮ ಕಡೇ ಹೆಣ್ಮಗಳು ಬರದ್ರ ಸಂಚಿಕೆಗೆ ಒಂದ ತೂಕ ಬರ್ತದ" ಎಂದರು. ಹೆಣ್ಣಿನ ಕಾಲು ತಾಗದ ಮಣ್ಣಿನ ಕಥೆಯನ್ನು ಬರೆಯಲು ನನ್ನನ್ನೇ ಕರೆದರಲ್ಲ ಎಂದು ಹಿಗ್ಗಿಹೋದೆ. ಒಪ್ಪಿಕೊಂಡೆ. ನಾನು ಯಾರ ಮಗಳೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೆಡವುವ ದಿನ ಫೋಟೋ ತೆಗೆಯಲು ಹೊರಟೆ. ನಾನು ಕರೆಯದಿದ್ದರೂ ಅಪ್ಪ ಚಪ್ಪಲಿ ಮೆಟ್ಟಿ ಜೊತೆಗೆ ಬಂದರು.

ಜೆ.ಸಿ.ಬಿ. ಅಷ್ಟರಲ್ಲಿ ಒಂದು ಕಡೆಯ ಮೆಟ್ಟಿಲನ್ನು ಕಿತ್ತಿತ್ತು. ನೋಡಲು ನಿಂತ ಜನ ಚಹಾದ ಗಾಡಿಯ ಸುತ್ತ ಗುಂಪುಗೂಡಿದ್ದರು. ನಾವೂ ಅಲ್ಲೇ ನಿಂತೆವು. ಬಿಳಿ ಟೋಪಿಯ ಮುದುಕರೊಬ್ಬರು, "ಕಾಯಂ ಪೆಂಡಾಲಂತ! ಮುಗೀತ ನೋಡ್ರಪಾ" ಎಂದರು. ಅವರ ಪಕ್ಕದವರಿಗೆ ಮಾತು ಸಿಕ್ಕಿತು.

"ಲೇ, ಎದುರಾಳಿ ಅಂತ ಒಬ್ಬಾಂವ ಇದ್ದನಲ್ಲೋ, ನೆನಪೈತೇನು?"

"ಇಲ್ಲೇನಪಾ ಮತ್ತ! ಅಂಗಾತ ಮಲಗೂದಂದ್ರ ಅವಂಗ ಭಾರೀ ಖುಷಿ. ಮ್ಯಾಲಿನ ತಗಡಿಗೆ ಎಷ್ಟ ತೂತ ಬಿದ್ದಾವಂತ ಇಡೀ ರಾಣೆಬೆನ್ನೂರಾಗ ಅವನೊಬ್ಬಂಗ ಗೊತ್ತಿತ್ತು."

ಎಲ್ಲರೂ ನಕ್ಕರು. ಚಹಾ ಮಾರುವವನೂ ನಕ್ಕ. ನಾನು ಫೋನಿನಲ್ಲಿ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದೆ. ಆಗ ಅಪ್ಪ, ಯಾರೂ ಕೇಳದಿದ್ದರೂ, ಹೇಳಿದರು:

"ಹೌದ್ರಿ. ಭಾಳ ಇದ್ದುವು."

ಬಿಳಿ ಟೋಪಿಯವರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ನೀವೂ ನೋಡೀರೇನ್ರಿ ಅವನ್ನ?" ಎಂದು ಕೇಳಿದರು. "ನೋಡೇನ್ರಿ" ಎಂದರು ಅಪ್ಪ. ಜೆ.ಸಿ.ಬಿ. ಆಗ ನಡುವಿನ ಗುಂಡಿಯ ಕೆಂಪು ಮಣ್ಣನ್ನು ಎತ್ತಿ ಟಿಪ್ಪರಿಗೆ ಸುರಿಯುತ್ತಿತ್ತು. ಅಪ್ಪ ಅದನ್ನು ನೋಡುತ್ತ ನಿಂತರು. ನಾನು ಒಂದೂ ಫೋಟೋ ಸರಿಯಾಗಿ ತೆಗೆಯಲಿಲ್ಲ.

ಸಂಚಿಕೆಗಾಗಿ ಗುತ್ತಲದಲ್ಲಿ, ಬ್ಯಾಡಗಿಯಲ್ಲಿ, ಕದರಮಂಡಲಗಿಯ ಆಂಜನೇಯನ ಗುಡಿಯ ಹತ್ತಿರ ಹಳೆಯ ಕಾಲದ ಪ್ರೇಕ್ಷಕರನ್ನು ಹುಡುಕಿ ಮಾತಾಡಿಸಿದೆ. ಎಲ್ಲ ಕಡೆ ಮೊದಲು ಆನೆ, ಆಮೇಲೆ ಎದುರಾಳಿ. ಗುತ್ತಲದ ಒಬ್ಬ ದರ್ಜಿ, ನಮ್ಮ ಅಪ್ಪ ಬೀಳುವುದನ್ನು ಅಭಿನಯಿಸಿ ತೋರಿಸಿದರು, ಹೊಲಿಗೆ ಮಷೀನಿನ ಪಕ್ಕದಲ್ಲೇ ಕೈ ಅಗಲಿಸಿ, ಕಣ್ಣು ಮೇಲೆ ಮಾಡಿ. "ಅದೆಲ್ಲಾ ಮ್ಯಾಚ್ ಫಿಕ್ಸಿಂಗ್ ಬಿಡ್ರಿ ಮೇಡಂ" ಎಂದರು. ಆ ಮಾತು ನನಗೆ ಹಿಡಿಸಿತು. ಅದು ಖರೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಮನೆಗೆ ಬಂದು ಒಂದು ಪ್ಯಾರಾ ಬರೆದೆ. ಕುಸ್ತಿಯೆಂಬುದು ಸ್ಪರ್ಧೆಯಷ್ಟೇ ಅಲ್ಲ, ಪ್ರದರ್ಶನವೂ ಹೌದು. ದೊಡ್ಡ ಪೈಲ್ವಾನರ ಬಲ ಕಾಣಬೇಕಾದರೆ ಕೊನೆಯವರೆಗೂ ತಡೆದು ಚೆಂದವಾಗಿ ಸೋಲುವ ಕಲಾವಿದನೊಬ್ಬ ಬೇಕಾಗುತ್ತಾನೆ. ಎದುರಾಳಿ ಅಂಥ ಕಲಾವಿದ. ಓದಿಕೊಂಡೆ. ಚೆನ್ನಾಗಿತ್ತು. ಧಾರವಾಡದ ನನ್ನ ಗುರುಗಳು ಮೆಚ್ಚುವಂತಿತ್ತು. ಸೋತವನ ಮಗಳಾಗುವುದಕ್ಕಿಂತ ಕಲಾವಿದನ ಮಗಳಾಗುವುದು ಎಷ್ಟೋ ಹಗುರ.

ಬರೆದದ್ದನ್ನು ಖಚಿತ ಮಾಡಿಕೊಳ್ಳಬೇಕಲ್ಲ, ಕಲಿತವಳು. ಅಪ್ಪ ಹಿತ್ತಲಲ್ಲಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ಕುಳಿತೆ.

"ಅಪ್ಪಾ, ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ. ಕಮಿಟಿಯವ್ರು ನಿನಗ ಮೊದಲ ಹೇಳಿರ್ತಿದ್ರೇನು? ಇಷ್ಟೊತ್ತು ಆಡು, ಆಮ್ಯಾಲೆ ಬೀಳು ಅಂತ?"

ಎಣ್ಣೆಯ ಕೈ ನಿಂತಿತು.

"ನೀನೂ ಹಂಗ ತಿಳಕೊಂಡಿಯೇನು?"

"ಹಂಗಲ್ಲ. ಹಂಗಿದ್ರೂ ತಪ್ಪಲ್ಲ ಅಂತ. ಅದೂ ಒಂದು ಕಲಾ..."

"ನಾ ಎಂದೂ ಬೇಕಂತ ಬಿದ್ದಿಲ್ಲ," ಎಂದರು ಅಪ್ಪ. ದನಿ ಏರಿಸಲಿಲ್ಲ. "ಪ್ರತಿ ಸಲ ಗೆಲ್ಲಬೇಕಂತ ಆಡೇನಿ. ಅವ್ರು ನನಗಿಂತ ಜೋರ ಇದ್ರು. ಬಿದ್ದೆ. ಇಷ್ಟ. ಇದ್ರಾಗ ಏನ ಐತಿ ತಿಳಿಲಾರದ್ದು?"

"ಮತ್ತ ಊರ ಹೆಸರು ಹೋದ ಮ್ಯಾಲೂ ಯಾಕ ಹೋದಿ?"

"ಒಂದ ಸಲರೆ ಗೆದ್ದಿದ್ರ ಹೆಸರು ತಿರುಗಿ ಬರ್ತಿತ್ತಲ್ಲವಾ."

ಎಣ್ಣೆಯ ಬಟ್ಟಲನ್ನು ಸರಿಸಿ, ಧೋತರವನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು. ಆಮೇಲೆ ಬೇರೆ ಯಾವುದೋ ಮಾತಾಡುವವರಂತೆ ಕೇಳಿದರು:

"ಪೈಲ್ವಾನರಿಗೆ ಸರ್ಟಿಫಿಕೇಟ ಕೊಡ್ತಾರಂತಲ್ಲ. ಊರ ಹೆಸರು ಹಾಕ್ತಾರೇನು ಅದ್ರಾಗ?"

"ಹಾಕ್ತಾರ."

"ಎದುರಾಳಿ ಅಂತ ಹಾಕೂದಾದ್ರ ನನಗ ಬ್ಯಾಡ."

ಅಪ್ಪನಿಗೆ ಅದು ಬೇಕಿದೆ ಎಂದು ನನಗೆ ಗೊತ್ತಾದದ್ದು ಆಗ. ಶಾಲೂ ಬೇಡ, ಹಾರವೂ ಬೇಡ, ಊರ ಹೆಸರೆಂಬ ಆ ಒಂದು ಪದ ಬೇಕು. ನಾನು ಒಳಗೆ ಹೋಗಿ ಪ್ಯಾರಾ ಅಳಿಸಿದೆ. ಸೋತ ಅಪ್ಪನಿಗಿಂತ ಮೋಸ ಮಾಡಿದ ಅಪ್ಪನನ್ನು ಬಯಸಿದ್ದೆನಲ್ಲ. ಊರವರು ಆಡಿದ ಮಾತನ್ನೇ ಒಳ್ಳೆಯ ಕನ್ನಡದಲ್ಲಿ ಬರೆದಿಟ್ಟಿದ್ದೆನಲ್ಲ. ಊರವರಿಗಾದರೂ ಹಾಲು ಕೊಟ್ಟ ಸಿಟ್ಟಿತ್ತು. ನನಗೇನಿತ್ತು?

ಕಮಿಟಿಯ ಸಭೆಯಲ್ಲಿ ಸನ್ಮಾನದ ಪೈಲ್ವಾನರನ್ನು ಗೊತ್ತುಮಾಡುತ್ತಿದ್ದಾಗ ನಾನು ಬಾಯಿಬಿಟ್ಟೆ. "ನಮ್ಮ ತಂದೆಯವ್ರೂ ಅಲ್ಲಿ ಆಡ್ಯಾರ್ರಿ."

"ಹೌದೇನ್ರಿ ಮೇಡಂ? ಮೊದಲ ಹೇಳಬೇಕಿಲ್ಲೇನು! ಯಾರ್ರೀ ಅವ್ರು?"

ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ಊರು ಹೇಳುವಂತಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಎದುರಾಳಿ," ಎಂದೆ.

ಒಬ್ಬರು ಕೆಮ್ಮಿದರು. ಇನ್ನೊಬ್ಬರು ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು, ನಗು ಒರೆಸಿಕೊಂಡದ್ದು. ಅಧ್ಯಕ್ಷರು ಮಾತ್ರ ಮರ್ಯಾದೆಯಿಂದ, "ಕೊಡೂಣಂತ್ರಿ, ಅವಶ್ಯ ಕೊಡೂಣಂತ. ಆದ್ರ ಸರ್ಟಿಫಿಕೇಟಿನ್ಯಾಗ ಮೊದಲ ಊರು, ಆಮ್ಯಾಲೆ ಹೆಸರು. ಅದು ಅಜ್ಜಾರ ಕಾಲದಿಂದ ಬಂದದ್ದು. ನಿಮ್ಮೂರ ಹಿರ್ಯಾರ ಒಂದ ಮಾತ ಹ್ಞೂಂ ಅಂದಬಿಡ್ಲಿ. ಕಾರ್ಯಕ್ರಮದಾಗ ಗದ್ದಲ ಆಗಬಾರದಲ್ಲ" ಎಂದರು.

ಆ ಒಂದು ಮಾತಿಗಾಗಿಯೇ ನಾನು ಗೌಡರ ಕಟ್ಟೆಗೆ ಹೋದದ್ದು. ಅಪ್ಪ ಹೇಳಿದ್ದನ್ನು ಹೇಳಿದೆ. ಬೇಕಂತ ಬಿದ್ದಿಲ್ಲರೀ, ಪ್ರತಿ ಸಲ ಗೆಲ್ಲಬೇಕಂತ ಆಡ್ಯಾರ್ರಿ ಎಂದೆ. "ಮಗಳಾದಾಕಿ ಮತ್ತೇನ ಹೇಳ್ತಿ?" ಎಂದರು ಗೌಡರು. ಆಮೇಲೆ ಚಹಾ, ಆಮೇಲೆ ಮೊದಲೇ ಹೇಳಿದ ಮಾತು.

ಮಳಿಗೆಯ ಉದ್ಘಾಟನೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಕಾಲೇಜಿನಲ್ಲಿದ್ದೆ. ಗೌಡರ ಫೋನು. ಅವರು ನನಗೆ ಎಂದೂ ಫೋನು ಮಾಡಿದವರಲ್ಲ. ಅವತ್ತು 'ನೀ' ಹೋಗಿ 'ನೀವು' ಆಗಿತ್ತು.

"ಮೇಡಮ್ಮಾರ, ನಮ್ಮ ಮೊಮ್ಮಗಳು ನಿಮ್ಮ ಕ್ಲಾಸಿನ್ಯಾಗ ಅದಾಳಂತಲ್ಲ! ನನಗ ಗೊತ್ತ ಇದ್ದಿಲ್ಲ ನೋಡ್ರಿ. ಭಾಳ ಚಲೋ ಕಲಸ್ತಾರ ಅಂತ ಒಂದ ಸವನ ಹೇಳ್ತಾಳ."

"ಹೌದೇನ್ರಿ. ಚಲೋ ಹುಡುಗಿ ಐತ್ರಿ."

"ಹ್ಞಾಂ. ಮತ್ತ ಆ ಊರ ಹೆಸರಿನ ಮಾತು. ಹಾಕಿಸಿಬಿಡ್ರಿ. ಕಮಿಟಿಯವ್ರಿಗೆ ನಾನ ಹೇಳ್ತೇನಿ."

ನನ್ನ ಕಣ್ಣು ತುಂಬಿದವು. "ಗೌಡ್ರ, ನಮ್ಮಪ್ಪ ಖರೇನ..."

"ಖರೇ ಸುಳ್ಳ ಯಾಕ ಈಗ? ಹಳೇದಾತು ಬಿಡ್ರಿ. ನೀವು ಇಷ್ಟ ಕಲತೀರಿ, ಊರಿಗೊಂದು ಹೆಸರು ತಂದೀರಿ. ನಿಮ್ಮ ಮುಖ ನೋಡಿ ಹ್ಞೂಂ ಅಂದೇನಿ. ಹುಡುಗಿನ್ನ ಒಂಚೂರು ನೋಡ್ಕೋರಿ."

ಹಾಗಿದ್ದರೆ ಬೇಡ ಎನ್ನಬಹುದಿತ್ತು. ಅಪ್ಪ ಮಾರಲಿಲ್ಲ ಎಂದು ನೀವು ಒಪ್ಪಿದರೆ ಮಾತ್ರ ಹಾಕಿಸುತ್ತೇನೆ ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಭಾಳ ಉಪಕಾರ ಆತ್ರಿ." ಅವರ ಕಟ್ಟೆಯ ಮೇಲೆ ತಲೆ ತಗ್ಗಿಸಿದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ಆ ಮಾತಿಗೆ ಆಯಿತು. ಇಷ್ಟು ವರ್ಷ ನನ್ನ ಓದಿನ ಬಗ್ಗೆ ಯಾರು ಏನಂದರೂ ಎದೆ ಸೆಟೆಸಿ ನಿಂತವಳು. ಆ ಓದು ಅಪ್ಪನ ಮಾತಿಗಿಂತ ಭಾರವಾಗಿ ತೂಗಿತು. ಅಪ್ಪ ಮೊಣಕಾಲು ಹೋಗುವವರೆಗೂ ಆಡಿ ತರಲಾಗದ ಹೆಸರು ನನ್ನ ಹಾಜರಿ ಕರೆಯುವ ಕೆಲಸದಿಂದ ಬಂತು.

ಮನೆಗೆ ಹೋಗಿ, "ಅಪ್ಪಾ, ಗೌಡ್ರು ಹ್ಞೂಂ ಅಂದ್ರು" ಎಂದೆ. ಅಷ್ಟೇ ಹೇಳಿದೆ. ಅಪ್ಪ ಎದ್ದು ಗೋಡೆಯ ಗೂಟದಲ್ಲಿದ್ದ ಬಿಳಿ ಅಂಗಿ ತೆಗೆದು ಅವ್ವನ ಕೈಗೆ ಕೊಟ್ಟರು, ತೊಳೆಯಲು.

ಸಂಚಿಕೆಯಲ್ಲಿ ಕೊನೆಗೆ ನಾನು ಬರೆದದ್ದು ಹೀಗೆ: ಅವರು ದೊಡ್ಡ ಪೈಲ್ವಾನರೊಂದಿಗೆ ಆಡಿದರು, ಗೆಲ್ಲಲೆಂದೇ ಆಡಿದರು, ಸೋತರು. ಪ್ರೂಫ್ ನೋಡಿದ ಅಧ್ಯಕ್ಷರು, "ಸೋತರು ಅಂತ ಯಾಕ ಮೇಡಂ, ತೆಗೀರಿ, ಚಲೋ ಕಾಣೂದಿಲ್ಲ" ಎಂದರು. ಅದೊಂದನ್ನು ನಾನು ತೆಗೆಯಲಿಲ್ಲ.

ಕಾರ್ಯಕ್ರಮ ಹೊಸ ಮಳಿಗೆಗಳ ಮುಂದಿನ ಕಾಂಕ್ರೀಟ್ ಅಂಗಳದಲ್ಲಿ. ಗುಂಡಿ ಎಲ್ಲಿತ್ತೆಂದು ಈಗ ಯಾರಿಗೂ ತೋರಿಸಲು ಬರುವುದಿಲ್ಲ. ಅಂದಾಜಿನ ಮೇಲೆ ಅಲ್ಲೊಂದು ಹೂವಿನ ಕುಂಡ ಇಟ್ಟಿದ್ದರು. ಬಾಡಿಗೆಯ ಪೆಂಡಾಲು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಡಸರು ಹೆಂಗಸರು ಕೂಡಿಯೇ ಕುಳಿತಿದ್ದರು. ಅವ್ವ ನನ್ನ ಪಕ್ಕದಲ್ಲಿ, ಗೌಡರು ನಮ್ಮ ಹಿಂದಿನ ಸಾಲಿನಲ್ಲಿ ಊರಿನ ನಾಲ್ಕು ಜನರ ಜೊತೆ. ಊರುಗಳು ಒಂದೊಂದಾಗಿ ಬಂದವು. ಗುತ್ತಲ ಬಂತು, ಕದರಮಂಡಲಗಿ ಬಂತು. ಕೋಲು ಊರಿದವರು, ಮಗನ ಹೆಗಲು ಹಿಡಿದವರು. ಆಮೇಲೆ ಮೈಕಿನಲ್ಲಿ ನಮ್ಮ ಊರ ಹೆಸರು.

ಅಪ್ಪ ತಕ್ಷಣ ಏಳಲಿಲ್ಲ. ಅಷ್ಟು ವರ್ಷ ಆ ಹೆಸರಿಗೆ ಏಳುವ ರೂಢಿ ತಪ್ಪಿತ್ತು. ಅವ್ವ ಮೊಣಕೈಯಿಂದ ತಿವಿದಳು. "ನಿಮ್ಮನ್ನ ಕರ್ಯಾಕತ್ತಾರ. ಏಳ್ರಿ."

ವೇದಿಕೆಯ ಮೇಲೆ ಶಾಲು ಹೊದಿಸಿದರು, ಹಾರ ಹಾಕಿದರು, ಚೌಕಟ್ಟು ಹಾಕಿದ ಸರ್ಟಿಫಿಕೇಟನ್ನು ಕೈಗಿಟ್ಟರು. ಫೋಟೋದವನು ಇತ್ತ ನೋಡಿ ಎಂದರೂ ಅಪ್ಪ ನೋಡಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ಹುಡುಕುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲ. ಊರ ಮುಂದಿನ ಬೋರ್ಡಿನ ಮೇಲೆ ನೋಡಿ ನೋಡಿ ಊರ ಹೆಸರಿನ ಆಕಾರ ಮಾತ್ರ ಗೊತ್ತು. ಬೆರಳು ಒಂದು ಕಡೆ ನಿಂತಿತು.

ಕೆಳಗಿಳಿದು ಬಂದು ಅದನ್ನು ನನ್ನ ಕೈಗೆ ಕೊಟ್ಟರು. "ಐತಿ," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನಾ ಖರೇನ ಆಡಿದ್ದು ಗೌಡ್ರಿಗೆ ಗೊತ್ತಾತಲ್ಲ, ಸಾಕು" ಎಂದರು. ನಾನು ಹೌದು ಎಂದೆನೋ ಸುಮ್ಮನೆ ತಲೆಯಾಡಿಸಿದೆನೋ ನೆನಪಿಲ್ಲ. ಅವರು ಹಿಂದಿನ ಸಾಲಿಗೆ ಹೋಗಿ ಗೌಡರಿಗೆ ಬಗ್ಗಿ ಕೈ ಮುಗಿದರು. ಗೌಡರು ಕುಳಿತಲ್ಲಿಂದಲೇ ಅವರ ತೋಳು ತಟ್ಟಿದರು.

ಅವ್ವ ಅದನ್ನೇ ನೋಡುತ್ತಿದ್ದಳು. ನನ್ನ ತೊಡೆಯ ಮೇಲಿದ್ದ ಸರ್ಟಿಫಿಕೇಟನ್ನು ತೆಗೆದುಕೊಂಡು ಸೆರಗಿನಿಂದ ಗಾಜು ಒರೆಸಿದಳು.

"ಗೌಡ್ರು ಮಂದಿಗೆ ಹೇಳಾಕತ್ತಿದ್ರು, ಕೇಳಿದೆ," ಎಂದಳು. "ನಿನ್ನ ಮುಖ ನೋಡಿ ಕೊಟ್ಟಾರಂತ. ಒಮ್ಮೆರೆ ನಿಮ್ಮಪ್ಪನ ಮುಖ ನೋಡಿ ಕೊಡಬೇಕಿತ್ತವಾ."